ತಂತ್ರಾಂಶಕ್ಕಿಂತ ಮೊದಲು ಬೆರಳಿಗೆ ಕೀಲಿಮಣೆ

ನಮ್ಮ ಬಡಾವಣೆಯ ಶಾಲೆಯೊಂದರ ಪ್ರಾರ್ಥನಾ ಸಭಾಂಗಣದಲ್ಲಿ ಬಹುಕಾಲದಿಂದ ಒಂದು ಪಿಯಾನೊ ಇತ್ತು. ಗೆದ್ದಲು ಅದರ ಮರವನ್ನೂ ಮಳೆಗಾಲದ ತೇವ ಅದರ ಶ್ರುತಿಯನ್ನೂ ತಿಂದುಹಾಕಿದ ಮೇಲೆ, ಹಳೆಯ ವಿದ್ಯಾರ್ಥಿಗಳು ಕೂಡಿಸಿಕೊಟ್ಟ ಹಣದಲ್ಲಿ ಬದಲಿ ವ್ಯವಸ್ಥೆ ಮಾಡುವ ಸಲುವಾಗಿ ಇತ್ತೀಚೆಗೆ ಪೋಷಕರ ಸಮಿತಿ ಸೇರಿತ್ತು. ಮುಂದಿದ್ದ ಸಲಹೆಗಳು ಎರಡು. ಎರಡು ಡಿಜಿಟಲ್ ಸ್ಟೇಜ್ ಪಿಯಾನೊಗಳನ್ನು ಕೊಳ್ಳುವುದು ಒಂದು. ಕಂಪ್ಯೂಟರ್ ಕೊಠಡಿಯಲ್ಲಿ ಈಗಾಗಲೇ ಇರುವ ಯಂತ್ರಗಳಿಗೆ ಪಿಯಾನೊ ತಂತ್ರಾಂಶ ತುಂಬಿ, ಒಂದೊಂದಕ್ಕೂ ಅಗ್ಗದ ಪುಟ್ಟ ಕೀಬೋರ್ಡ್ ಜೋಡಿಸುವುದು ಇನ್ನೊಂದು. ಎರಡನೆಯದನ್ನು ಮಂಡಿಸಿದವರ ವಾದ ಸರಳವಾಗಿತ್ತು: ಇಬ್ಬರ ಬದಲು ಮೂವತ್ತು ಮಕ್ಕಳು ಏಕಕಾಲಕ್ಕೆ ಕಲಿಯಬಹುದು, ಧ್ವನಿಯೂ ಸ್ಟೇಜ್ ಪಿಯಾನೊಗಿಂತ ಮೇಲು. ಸಭೆಯಲ್ಲಿ ಬಹುಪಾಲು ತಲೆಗಳು ತೂಗಿದವು. ಈ ವಾದದಲ್ಲಿ ಅರ್ಧ ನಿಜವಿದೆ. ಉಳಿದರ್ಧ ಮಕ್ಕಳ ಕೈಗಳಿಗೆ ಅನ್ಯಾಯ ಮಾಡುವಂಥದು.

ನಿಜವಾದ ಅರ್ಧವನ್ನು ಮೊದಲು ಒಪ್ಪಿಕೊಳ್ಳೋಣ. ಧ್ವನಿಯ ವಿಷಯದಲ್ಲಿ ತಂತ್ರಾಂಶ ಸಾಧಿಸಿರುವುದು ಸಣ್ಣದಲ್ಲ. ಒಳ್ಳೆಯ ಗ್ರ್ಯಾಂಡ್ ಪಿಯಾನೊದ ಒಂದೊಂದು ಕೀಯನ್ನೂ ಮೃದುವಾಗಿ, ಬಲವಾಗಿ, ಹಲವು ಬಗೆಯಲ್ಲಿ ನುಡಿಸಿ ಧ್ವನಿಮುದ್ರಿಸಿ ಕಂಪ್ಯೂಟರ್‌ನಲ್ಲಿ ಕೂಡಿಡುವುದು ಒಂದು ಮಾರ್ಗ. 1998ರಲ್ಲಿ ಬಂದ ಗಿಗಾಸ್ಯಾಂಪ್ಲರ್ ಈ ಮುದ್ರಣಗಳನ್ನು ಹಾರ್ಡ್ ಡಿಸ್ಕ್‌ನಿಂದಲೇ ನೇರವಾಗಿ ಎತ್ತಿ ನುಡಿಸುವ ವಿಧಾನ ತಂದಮೇಲೆ ಸ್ಮೃತಿಕೋಶದ ಮಿತಿ ಕರಗಿತು. ಇಂದು ಒಂದೇ ಪಿಯಾನೊ ಹತ್ತಾರು ಗಿಗಾಬೈಟ್ ತುಂಬಿಕೊಳ್ಳುವುದುಂಟು. ಮತ್ತೊಂದು ಮಾರ್ಗ ಗಣಿತದ್ದು. ಫ್ರಾನ್ಸ್‌ನ ಟುಲೂಸ್ ನಗರದಿಂದ 2006ರಲ್ಲಿ ಹೊರಬಂದ ಪಿಯಾನೊಟೆಕ್ ತಂತ್ರಾಂಶ ತಂತಿ, ಸುತ್ತಿಗೆ, ಹಲಗೆಗಳ ಕಂಪನವನ್ನು ಆ ಕ್ಷಣದಲ್ಲೇ ಲೆಕ್ಕ ಹಾಕಿ ನಾದವನ್ನು ಹುಟ್ಟಿಸುತ್ತದೆ. ಅದನ್ನು ರೂಪಿಸಿದ ಫಿಲಿಪ್ ಗಿಯೋಮ್ ಹಿಂದೆ ಪಿಯಾನೊಗಳ ಶ್ರುತಿ ಕೂಡಿಸುತ್ತಿದ್ದು ಬಳಿಕ ಗಣಿತಜ್ಞರಾದವರು. ಕಣ್ಣು ಮುಚ್ಚಿ ಕೇಳಿದರೆ ಮಧ್ಯಮ ಬೆಲೆಯ ಸ್ಟೇಜ್ ಪಿಯಾನೊ ಇಂಥ ತಂತ್ರಾಂಶಗಳ ಮುಂದೆ ಸಪ್ಪೆಯೆನಿಸಬಹುದು.

ಆದರೆ ಕಲಿಯುವ ಮಗು ಪಿಯಾನೊವನ್ನು ಕೇಳುವುದಷ್ಟೇ ಅಲ್ಲ, ಮುಟ್ಟುತ್ತದೆ. ಆ ವಾದ್ಯದ ಹೆಸರಿನಲ್ಲೇ ಈ ಸಂಗತಿ ಅಡಗಿದೆ. ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುವ ವಾದ್ಯ. ಬೆರಳು ಎಷ್ಟೇ ಮೆತ್ತಗೆ ಬಿದ್ದರೂ, ಗಟ್ಟಿಯಾಗಿ ಬಿದ್ದರೂ ನಾದ ಹೆಚ್ಚುಕಡಿಮೆ ಒಂದೇ. 1700ರ ಸುಮಾರಿಗೆ ಫ್ಲಾರೆನ್ಸ್‌ನ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಮೀಟುವುದರ ಬದಲು ಪುಟ್ಟ ಸುತ್ತಿಗೆಯಿಂದ ತಂತಿಯನ್ನು ಹೊಡೆಯುವ ಏರ್ಪಾಟು ಮಾಡಿದ. ಬೆರಳಿನ ಒತ್ತಡಕ್ಕೆ ತಕ್ಕಂತೆ ‘ಪಿಯಾನೊ’, ಅಂದರೆ ಮೆಲ್ಲಗೆ, ‘ಫೋರ್ಟೆ’, ಅಂದರೆ ಜೋರಾಗಿ, ಎರಡೂ ಸಾಧ್ಯವಾದವು. ಪಿಯಾನೊ ಕಲಿಯುವುದೆಂದರೆ ಈ ಎರಡರ ನಡುವಿನ ಸಾವಿರ ಮೆಟ್ಟಿಲುಗಳನ್ನು ಬೆರಳಿಗೆ ರೂಢಿ ಮಾಡಿಸುವುದು.

ಒಳ್ಳೆಯ ಸ್ಟೇಜ್ ಪಿಯಾನೊದಲ್ಲಿ 88 ಕೀಗಳೂ ಇರುತ್ತವೆ. ಒಳಗೆ ತಂತಿ ಇಲ್ಲದಿದ್ದರೂ ಸುತ್ತಿಗೆಯ ಭಾರ ಇರುತ್ತದೆ. ಎಡಗಡೆಯ ಮಂದ್ರ ಸ್ವರಗಳು ತುಸು ಭಾರ, ಬಲಗಡೆಯವು ಹಗುರ. ತಂತ್ರಾಂಶಕ್ಕಾದರೋ ಕೈಯಿಲ್ಲ, ಕೀಯಿಲ್ಲ. ಯಾವ ಕೀಯನ್ನು ಒತ್ತಲಾಯಿತು, ಎಷ್ಟು ವೇಗವಾಗಿ ಒತ್ತಲಾಯಿತು ಎಂಬ ವರ್ತಮಾನ ಹೊರಗಿನ ಕೀಬೋರ್ಡ್‌ನಿಂದಲೇ ಬರಬೇಕು. 1983ರಿಂದ ಬಳಕೆಯಲ್ಲಿರುವ ಮಿಡಿ ಎಂಬ ಸಂಕೇತ ಭಾಷೆಯಲ್ಲಿ ಆ ವೇಗ ಸಾಮಾನ್ಯವಾಗಿ 1ರಿಂದ 127ರವರೆಗಿನ ಒಂದು ಅಂಕಿಯಾಗಿ ತಲಪುತ್ತದೆ. ಸ್ಪ್ರಿಂಗ್ ಹಾಕಿದ ಅಗ್ಗದ ಕೀಲಿಮಣೆಯ ಮೇಲೆ ಮಗುವಿನ ಬೆರಳಿಗೆ ಆ ಮೆಟ್ಟಿಲುಗಳಲ್ಲಿ ಹೆಚ್ಚಿನವು ಎಟುಕುವುದೇ ಇಲ್ಲ. ಹಿಂದೆ ಎಷ್ಟು ಗಿಗಾಬೈಟ್ ನಾದ ಕೂಡಿಟ್ಟಿದ್ದರೇನು? ಬಾಗಿಲು ಕಿರಿದಾದ ಅರಮನೆ ಅದು. ಪೆಡಲ್‌ನದೂ ಇದೇ ಕಥೆ. ಅರ್ಧ ತುಳಿಯುವ, ಕಾಲು ಭಾಗ ಬಿಡುವ ಸೂಕ್ಷ್ಮವನ್ನು ಒತ್ತು-ಬಿಡು ಎಂಬ ಎರಡೇ ಸ್ಥಿತಿಯ ಸ್ವಿಚ್ಚು ಕಲಿಸಲಾರದು.

ಸಭೆಯಲ್ಲಿ ಹಿರಿಯರೊಬ್ಬರು ಜಾಣ ಪ್ರಶ್ನೆಯೊಂದನ್ನು ಎತ್ತಿದರು. ಬೆಂಗಳೂರಿನ ಜಿ. ರಾಜನಾರಾಯಣ್ ಅವರ ಎಲೆಕ್ಟ್ರಾನಿಕ್ ತಂಬೂರಿಯ ಪೆಟ್ಟಿಗೆ ಮನೆಮನೆಗೂ ಬಂತು. ಈಗ ಆ ಪೆಟ್ಟಿಗೆಯೂ ಬೇಡ, ಮೊಬೈಲಿನ ಆ್ಯಪ್ ಸಾಕು ಎನ್ನುವವರಿದ್ದಾರೆ. ಪಿಯಾನೊ ಮಾತ್ರ ಏಕೆ ಬೇರೆ? ಉತ್ತರ ಅವರ ಪ್ರಶ್ನೆಯಲ್ಲೇ ಇದೆ. ಹಾಡುವವರಿಗೆ ತಂಬೂರಿ ಶ್ರುತಿಯ ಆಸರೆ. ಸಾಧನೆ ನಡೆಯುವುದು ಕಂಠದಲ್ಲಿ. ವೀಣೆ ಕಲಿಯುವ ಹುಡುಗಿಗೆ ಆ್ಯಪ್ ಸಾಕೆಂದು ಯಾವ ಗುರುವೂ ಹೇಳುವುದಿಲ್ಲ.

ವಿಳಂಬದ ತೊಡಕನ್ನೂ ಮರೆಯುವಂತಿಲ್ಲ. ಕೀ ಒತ್ತಿದ್ದಕ್ಕೂ ನಾದ ಹೊರಡುವುದಕ್ಕೂ ನಡುವೆ ಕಂಪ್ಯೂಟರ್ ಒಂದಿಷ್ಟು ಸಮಯ ತೆಗೆದುಕೊಳ್ಳುತ್ತದೆ. ಸರಿಯಾದ ಆಡಿಯೊ ಇಂಟರ್ಫೇಸ್, ಸರಿಯಾದ ಡ್ರೈವರ್ ಇದ್ದರೆ ಅದು ಗಮನಕ್ಕೆ ಬಾರದು. ಶಾಲೆಯ ಹಳೆಯ ಯಂತ್ರಗಳಲ್ಲಿ ಅದು 50 ಮಿಲಿಸೆಕೆಂಡ್ ಮುಟ್ಟಿದರೆ ಆಶ್ಚರ್ಯವಿಲ್ಲ. ಗಾಳಿಯಲ್ಲಿ ಧ್ವನಿ ಅಷ್ಟು ಹೊತ್ತಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಎಂದರೆ ಮಗು ತನ್ನ ಬೆರಳ ಕೆಳಗಿನ ವಾದ್ಯವನ್ನು ಸಭಾಂಗಣದ ಆಚೆಯ ಗೋಡೆಯ ಬಳಿ ಇಟ್ಟು ನುಡಿಸಿದಂತೆ. ಲಯ ಇನ್ನೂ ಮೈಗೂಡದ ವಯಸ್ಸಿಗೆ ಇದು ಎಂಥ ಶಿಕ್ಷೆ!

ಜತೆಗೆ, ತಂತ್ರಾಂಶದ ಆಯುಷ್ಯ ಇನ್ನೊಬ್ಬರ ಕೈಯಲ್ಲಿದೆ. ಗಿಗಾಸ್ಯಾಂಪ್ಲರ್‌ನ ಉತ್ತರಾಧಿಕಾರಿಯಾಗಿದ್ದ ಗಿಗಾಸ್ಟುಡಿಯೊವನ್ನು ಅದರ ಕಂಪನಿ 2008ರಲ್ಲಿ ಕೈಬಿಟ್ಟಿತು. 2019ರಲ್ಲಿ ಆ್ಯಪಲ್‌ನ ಹೊಸ ಕಾರ್ಯಾಚರಣ ವ್ಯವಸ್ಥೆ 32 ಬಿಟ್‌ನ ತಂತ್ರಾಂಶಗಳನ್ನೆಲ್ಲ ಹೊರಗಿಟ್ಟಿತು. ಶಾಲೆಯಲ್ಲಿ ಇದನ್ನೆಲ್ಲ ನೋಡಿಕೊಳ್ಳುವವರು ಯಾರು? ಹಾಗೆಂದು ಸ್ಟೇಜ್ ಪಿಯಾನೊ ಚಿರಂಜೀವಿಯೇನಲ್ಲ. ಅದರ ಬಿಡಿಭಾಗಗಳೂ ಒಂದು ದಿನ ಸಿಗದಾಗುತ್ತವೆ. ಹೆಸರೇ ಹೇಳುವಂತೆ ವೇದಿಕೆಗೆಂದು ಮಾಡಿದ್ದಾದ್ದರಿಂದ ಹಲವು ಮಾದರಿಗಳಲ್ಲಿ ಸ್ಪೀಕರ್ ಇರುವುದಿಲ್ಲ. ಆ ಖರ್ಚು ಬೇರೆ. ಕರೆಂಟು ಹೋದರೆ ಲ್ಯಾಪ್‌ಟಾಪ್ ನಡೆದೀತು, ಇದು ಸಾಮಾನ್ಯವಾಗಿ ಮೂಕ. ಆದರೂ ಗುಂಡಿ ಒತ್ತಿದರೆ ಕೆಲವೇ ಕ್ಷಣಗಳಲ್ಲಿ ಸಿದ್ಧವಾಗುವ ವಾದ್ಯದ ಮುಂದೆ ಮಗು ಬಿಡುವಿನ ಹತ್ತು ನಿಮಿಷವಾದರೂ ಕೂರುತ್ತದೆ. ಪಾಸ್‌ವರ್ಡು, ಅಪ್‌ಡೇಟು ಮುಗಿಯುವ ಹೊತ್ತಿಗೆ ಬಿಡುವಿನ ಗಂಟೆ ಮುಗಿದಿರುತ್ತದೆ.

‘ಈ ಪಾಶ್ಚಾತ್ಯ ವಾದ್ಯಕ್ಕೆ ಇಷ್ಟು ಹಣವೇಕೆ’ ಎಂಬ ಗೊಣಗಾಟವೂ ಕೇಳಿಬಂತು. ಮೈಸೂರಿನ ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೊ ಅಭ್ಯಾಸ ಮಾಡಿದವರು. ರಷ್ಯದ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಆಶ್ರಯ ಕೊಟ್ಟವರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದರು. ಈ ನೆಲಕ್ಕೆ ಪಿಯಾನೊ ಅಷ್ಟೊಂದು ಪರಕೀಯವೇನಲ್ಲ.

ಉಳಿಯುವುದು ಮೂವತ್ತು ಮಕ್ಕಳ ಪ್ರಶ್ನೆ. ಎರಡು ವಾದ್ಯಗಳ ಮುಂದೆ ಮೂವತ್ತು ಮಂದಿ ಕೂರಲಾರರು. ಸರದಿ ಹಚ್ಚಿದರೂ ಕಲಿಯುವವರ ಸಂಖ್ಯೆ ಇಳಿಯುತ್ತದೆ. ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಸ್ವರಲಿಪಿ ಓದಲು, ಕಿವಿಯನ್ನು ಪಳಗಿಸಲು ಕಂಪ್ಯೂಟರ್ ಕೊಠಡಿ ಚೆನ್ನಾಗಿಯೇ ಒದಗುತ್ತದೆ. ಉಚಿತವಾಗಿ ಸಿಗುವ ತಂತ್ರಾಂಶವೇ ಅದಕ್ಕೆ ಸಾಕು. ಒಳ್ಳೆಯ ಕೀಲಿಮಣೆ ಈಗಾಗಲೇ ಇರುವ ಸಂಯೋಜಕರಿಗೆ, ಸ್ಟುಡಿಯೊದವರಿಗೆ ತಂತ್ರಾಂಶವೇ ಸರಿಯಾದ ಆಯ್ಕೆ ಎಂಬುದರಲ್ಲೂ ಅನುಮಾನವಿಲ್ಲ. ಇಂದಿನ ಸ್ಟೇಜ್ ಪಿಯಾನೊಗಳಲ್ಲಿ ಯುಎಸ್‌ಬಿ ತಂತಿಯ ಸೌಕರ್ಯ ಸಾಮಾನ್ಯ. ಇನ್ನೂ ಉತ್ತಮ ಧ್ವನಿ ಬೇಕೆನಿಸಿದ ದಿನ ಅದನ್ನೇ ಕಂಪ್ಯೂಟರ್‌ಗೆ ಜೋಡಿಸಿ ಯಾವ ತಂತ್ರಾಂಶವನ್ನಾದರೂ ನುಡಿಸಬಹುದು. ಮೂವತ್ತು ಆಟಿಕೆ ಕೀಬೋರ್ಡ್‌ಗಳನ್ನು ಕೂಡಿಸಿದರೂ ಒಂದು ಪಿಯಾನೊ ಆಗದು.

ತೀರ್ಮಾನ ಇನ್ನೂ ಆಗಿಲ್ಲ. ಅಂಗಡಿಗೆ ಹೋಗುವಾಗ ಕಲಿಯುತ್ತಿರುವ ಇಬ್ಬರು ಮಕ್ಕಳನ್ನು ಕರೆದೊಯ್ಯಬೇಕೆಂಬ ಮಾತಿಗೆ ಮಾತ್ರ ಸಮಿತಿ ಒಪ್ಪಿದೆ. ಒಂದೇ ಕೀಯನ್ನು ಕೇಳಿಸೀತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಒತ್ತಿ, ಹಂತ ಹಂತವಾಗಿ ಬಲ ಏರಿಸುತ್ತ ಹೋಗಲು ಅವರಿಗೆ ಹೇಳಬೇಕು. ಆಗ ನಾವು ಹಿರಿಯರು ಸುಮ್ಮನೆ ಪಕ್ಕದಲ್ಲಿ ನಿಂತಿದ್ದರೆ ಸಾಕು.