ಕೊಸರು ಯಾರಿಗೆ?

ಕೊಸರು ಅಂದ್ರೆ ಏನು ಅಂತ ನಿಮ್ಮ ಆಫೀಸಿನಲ್ಲಿ ಕೇಳಿ ನೋಡಿ. ಕನ್ನಡದವರಲ್ಲೇ ಅರ್ಧ ಜನ ತಲೆ ಕೆರ್ಕೋತಾರೆ. ಪದ ಗೊತ್ತಿಲ್ಲದೇ ಇರಬಹುದು, ಕೆಲಸ ಮಾತ್ರ ಎಲ್ಲರಿಗೂ ಗೊತ್ತು. ಅರ್ಧ ಕಿಲೋ ಬೀನ್ಸು ತೂಕ ಹಾಕಿಸಿ, ದುಡ್ಡು ಕೊಡೋಕೆ ಮುಂಚೆ ‘ಹಂಗೇ ಒಂಚೂರು ಕರಿಬೇವು, ಕೊತ್ತಂಬರಿ ಹಾಕಮ್ಮಾ’ ಅಂತಾರಲ್ಲ, ಅದು ಕೊಸರು. ತೂಕಕ್ಕೆ ಸೇರದೆ, ಲೆಕ್ಕಕ್ಕೆ ಬರದೆ, ಮೇಲೆ ಸಿಗೋದು.

ನಾನು ಹೇಳಬೇಕು ಅಂತಿರೋದು ಸರಳ. ಬೆಂಗಳೂರಿನಲ್ಲಿ ತಿಂಗಳ ಸಂಬಳ ತಗೊಳ್ಳೋ ನಮ್ಮ ವಯಸ್ಸಿನವರು ಈ ಕೊಸರನ್ನ ತಲೆಕೆಳಗು ಮಾಡಿಟ್ಟಿದ್ದಾರೆ. ದೊಡ್ಡ ಕಂಪನಿ ಕೇಳಿದಷ್ಟು ಕೊಸರನ್ನ ಬಾಯಿ ಮುಚ್ಕೊಂಡು ಕೊಡ್ತಾರೆ. ತಳ್ಳುಗಾಡಿಯವರ ಹತ್ತಿರ ಬಾಯಿ ಮಾಡಿ ಕಿತ್ಕೋತಾರೆ. ಇದಕ್ಕೆ ಜಾಣತನ ಅಂತ ಹೆಸರು ಬೇರೆ.

ನಂಬಿಕೆ ಬರದಿದ್ರೆ ಮೊಬೈಲ್ ತೆಗೀರಿ. ಹೋದ ವಾರ ಊಟ ತರಿಸಿದ್ರಲ್ಲ, ಆ ಬಿಲ್ಲನ್ನ ಕೊನೆ ಸಾಲಿನವರೆಗೂ ಓದಿ. ತಿಂಡಿಯ ಬೆಲೆ ಒಂದು. ಎಷ್ಟೋ ಸಲ ಅದೇ ಹೋಟೆಲಿನ ಗಲ್ಲಾದಲ್ಲಿರೋ ಬೆಲೆಗಿಂತ ಆ್ಯಪಿನ ಬೆಲೆ ಜಾಸ್ತಿ ಇರತ್ತೆ. ಅದರ ಕೆಳಗೆ ಪ್ಯಾಕಿಂಗ್ ಚಾರ್ಜು, ಡೆಲಿವರಿ ಫೀ, ಪ್ಲಾಟ್‌ಫಾರ್ಮ್ ಫೀ. ಮಳೆ ಬಂದ್ರೆ ಮಳೆಗೊಂದು ಫೀ. ಎಲ್ಲಾ ಆದ್ಮೇಲೆ ಜಿಎಸ್‌ಟಿ. ಪ್ಲಾಟ್‌ಫಾರ್ಮ್ ಫೀ ಶುರುವಾಗಿದ್ದು 2023ರಲ್ಲಿ, ಆರ್ಡರಿಗೆ 2 ರೂಪಾಯಿ. 2024ರ ದೀಪಾವಳಿ ಹೊತ್ತಿಗೆ ಅದು 10 ರೂಪಾಯಿ. ಎರಡು ವರ್ಷ ತುಂಬೋದ್ರೊಳಗೆ ಐದು ಪಟ್ಟು! ಇಷ್ಟಕ್ಕೂ ಅದು ಯಾತಕ್ಕೆ? ಅಂಗಡಿ ಬಾಗಿಲು ತೆಗೆದಿಟ್ಟಿದ್ದಕ್ಕೆ. ಯಾರಾದರೂ ‘ಏನಪ್ಪಾ, ಮೊನ್ನೆ ಎರಡು ರೂಪಾಯಿ ಇತ್ತು’ ಅಂತ ಕೇಳಿದ್ರಾ? ಕೇಳೋಕೆ ಅಲ್ಲಿ ಯಾರೂ ಇಲ್ಲ. ‘ಸ್ವಲ್ಪ ನೋಡಿ ಹಾಕ್ಕೊಳ್ಳಿ’ ಅನ್ನೋ ಬಟನ್ನೂ ಇಲ್ಲ.

ಅದೇ ಮನುಷ್ಯ ಭಾನುವಾರ ಬೆಳಿಗ್ಗೆ ಗೇಟಿನ ಹತ್ತಿರ ಬರ್ತಾನೆ. ದಂಟಿನ ಸೊಪ್ಪು ಕಟ್ಟು 20 ಅಂದ್ರೆ, ‘ಏನಮ್ಮಾ, ಮೊನ್ನೆ ಹದಿನೈದಿತ್ತು, ಎರಡು ಕಟ್ಟು ಮೂವತ್ತಕ್ಕೆ ಕೊಡು’ ಅಂತಾನೆ. ಕೊಟ್ಟ ಮೇಲೆ ಒಂದು ಹಿಡಿ ಕರಿಬೇವನ್ನ ತಾನೇ ಕೈ ಹಾಕಿ ಎತ್ಕೋತಾನೆ.

ಇಲ್ಲೇ ನನಗೆ ತಡ್ಕೊಳ್ಳಕ್ಕಾಗದ ವಿಷಯ ಇರೋದು. ನಾವು ಚೌಕಾಸಿ ಮಾಡೋದು ದುಬಾರಿ ಇರೋ ಕಡೆ ಅಲ್ಲ, ಗೆಲ್ಲೋ ಕಡೆ. ಕಾಫಿ ಅಂಗಡಿಯಲ್ಲಿ 250 ರೂಪಾಯಿ ಅಂತ ಬೋರ್ಡಿದ್ರೆ ಅದು ಬೆಲೆ. ಗಾಡಿಯಮ್ಮ 20 ಅಂದ್ರೆ ಅದು ಮಾತುಕತೆಗೆ ಆಹ್ವಾನ. ಎದುರಿನವರಿಗೆ ‘ಆಗಲ್ಲ’ ಅನ್ನೋ ಶಕ್ತಿ ಕಮ್ಮಿ ಅಂತ ಗೊತ್ತಾದ ಕಡೆ ಮಾತ್ರ ನಮಗೆ ದುಡ್ಡಿನ ಬೆಲೆ ನೆನಪಾಗತ್ತೆ.

ಗಾಡಿಯ ಲೆಕ್ಕ ಸ್ವಲ್ಪ ನೋಡೋಣ. ಸೊಪ್ಪು, ತರಕಾರಿ ಮಾರೋರು ಕೆ.ಆರ್. ಮಾರ್ಕೆಟ್ಟಿಗೋ ಮಡಿವಾಳಕ್ಕೋ ಹೋಗೋದು ನಾವು ಇನ್ನೂ ಮಗ್ಗುಲು ಬದಲಾಯಿಸ್ತಿರೋ ಹೊತ್ತಿಗೆ. ಸರಕಿನ ಜೊತೆ ಆಟೋ ಬಾಡಿಗೆ. ಸೊಪ್ಪು ಮಧ್ಯಾಹ್ನಕ್ಕೆ ಬಾಡತ್ತೆ. ಎಷ್ಟು ನೀರು ಚಿಮುಕಿಸಿದ್ರೂ ಸಂಜೆಗೆ ಉಳಿದಿದ್ದು ಹಸುವಿಗೇ. ಬಂಡವಾಳ ಇಲ್ಲದವರು ಬೆಳಿಗ್ಗೆ 900 ಕೈಗೆ ಇಸ್ಕೊಂಡು ಸಂಜೆ 1,000 ಕಟ್ಟೋ ಸಾಲ ಮಾಡ್ತಾರೆ. ಅಂದ್ರೆ ದಿನಕ್ಕೆ ಶೇಕಡ 11 ಬಡ್ಡಿ. ನಮ್ಮ ಹೋಮ್ ಲೋನ್ ವರ್ಷಕ್ಕೆ ಶೇಕಡ 9ಕ್ಕೆ ಹೋದ್ರೆ ನಾವು ಬ್ಯಾಂಕ್ ಬದಲಾಯಿಸೋ ಮಾತಾಡ್ತೀವಿ. ಆ ಹಿಡಿ ಕರಿಬೇವು ಇದೆಯಲ್ಲ, ಅದನ್ನೂ ಆಕೆ ಅದೇ ಸಾಲದ ದುಡ್ಡಲ್ಲೇ ಕೊಂಡು ತಂದಿರ್ತಾಳೆ. ಗಾಡಿಯಲ್ಲಿ ಪುಕ್ಕಟೆ ಅನ್ನೋದು ಏನೂ ಇಲ್ಲ.

ಪುಕ್ಕಟೆ ಕೊತ್ತಂಬರಿಯ ಮಾತು ಬಂದಿದ್ದರಿಂದ ಇನ್ನೊಂದು ಹೇಳ್ತೀನಿ. 2024ರ ಮೇ ತಿಂಗಳಲ್ಲಿ ಬ್ಲಿಂಕಿಟ್ ತರಕಾರಿ ಆರ್ಡರಿನ ಜೊತೆ ಕೊತ್ತಂಬರಿ ಉಚಿತ ಅಂತ ಘೋಷಣೆ ಮಾಡ್ತು. ಒಬ್ಬರ ತಾಯಿಗೆ ಕೊತ್ತಂಬರಿಗೂ ದುಡ್ಡು ಕೊಡಬೇಕು ಅಂತ ಗೊತ್ತಾಗಿ ಗಾಬರಿಯಾಯ್ತು, ಮಗ ಅದನ್ನ ಬರೆದುಕೊಂಡ, ಕಂಪನಿ ಒಪ್ಪಿಕೊಂಡ್ತು. ದೇಶ ಎಲ್ಲಾ ಚಪ್ಪಾಳೆ. ದಿನಾ ಬೀದಿಯಲ್ಲಿ ಗಾಡಿಯವರು ಕೊಡ್ತಿದ್ದಾಗ ಒಬ್ಬರೂ ತಟ್ಟಲಿಲ್ಲ, ಯಾಕಂದ್ರೆ ಅದು ನಮ್ಮ ಹಕ್ಕು ಅಂದ್ಕೊಂಡಿದ್ವಿ. ಕಂಪನಿ ಕೊಟ್ಟಾಗ ಮಾತ್ರ ಅದು ಔದಾರ್ಯ ಆಯ್ತು. ಆ ಔದಾರ್ಯದ ಪಕ್ಕದಲ್ಲೇ ಹ್ಯಾಂಡ್ಲಿಂಗ್ ಚಾರ್ಜು ಕೂತಿರತ್ತೆ, ಅದನ್ನ ಯಾರೂ ನೋಡಲ್ಲ. ಕಮ್ಮಿ ಸಾಮಾನು ತಗೊಂಡ್ರೆ ‘ಸ್ಮಾಲ್ ಕಾರ್ಟ್ ಫೀ’ ಅಂತ ದಂಡಾನೂ ಇದೆ. ಕಾಲು ಕಿಲೋ ಬೆಂಡೆಕಾಯಿ ತಗೊಂಡೋರಿಗೆ ದಂಡ ಹಾಕಿದ ಗಾಡಿಯವರನ್ನ ನೀವು ನೋಡಿದ್ದೀರಾ?

ಈಗ ಮಹಡಿ ಮೇಲಕ್ಕೆ ಹೋಗೋಣ. ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪಲ್ಲಿ ವಾರಕ್ಕೊಂದು ಫೋಟೋ ಬರತ್ತೆ: ಅಂಗೈ ಮೇಲೆ ನಾಲ್ಕು ಟೊಮೆಟೊ. ಕೈತೋಟದ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಡಾ. ಬಿ.ಎನ್. ವಿಶ್ವನಾಥ್ ಅಂಥವರು ತಾರಸಿ ತೋಟವನ್ನ ಬೆಂಗಳೂರಿನ ಮನೆಮನೆಗೆ ತಲುಪಿಸಿದ್ದು ಒಳ್ಳೇ ಕೆಲಸ. ‘ಊಟ ಫ್ರಮ್ ಯುವರ್ ತೋಟ’ ಮೇಳಕ್ಕೆ ಹೋಗಿ ಬೀಜ ತಂದು ಬಿತ್ತಿದ ಮಕ್ಕಳಿಗೆ ಬದನೆ ಹೂವಿನ ಬಣ್ಣ ಏನು ಅಂತಾದರೂ ಗೊತ್ತಾಗತ್ತೆ. ಆದರೆ ಆ ನಾಲ್ಕು ಟೊಮೆಟೊಗೆ ಬಿದ್ದ ಖರ್ಚು ಒಮ್ಮೆ ಕೂಡಿಸಿ. ಗ್ರೋ ಬ್ಯಾಗು, ಕೊಕೊಪೀಟು, ಎರೆಗೊಬ್ಬರ, ಬೇವಿನ ಎಣ್ಣೆ, ನೀರು, ದಿನಾ ಅರ್ಧ ಗಂಟೆ. ಮಾರ್ಕೆಟ್ ರೇಟಿನ ಹತ್ತು ಪಟ್ಟು ಬಿದ್ದರೂ ಆಶ್ಚರ್ಯ ಇಲ್ಲ. ಖುಷಿಗೆ ಮಾಡಿದ್ದು, ಇರಲಿ.

ನನ್ನ ತಕರಾರು ಇಷ್ಟು: ಟೊಮೆಟೊ ಗಿಡ ಸಾಕಿದವನಿಗೆ ಬಿಳಿ ನೊಣ ಗೊತ್ತಾಗಿರತ್ತೆ. ಎಲೆ ಮುದುರಿಕೊಂಡಿದ್ದು, ಹೂ ಉದುರಿದ್ದು, ಒಂದೇ ಮಳೆಗೆ ಅಂಗಮಾರಿ ಬಂದು ಗಿಡ ಸುಟ್ಟ ಹಂಗಾಗಿದ್ದು, ಎಲ್ಲಾ ಕಣ್ಣಾರೆ ನೋಡಿರ್ತಾನೆ. ಇಡೀ ಅಪಾರ್ಟ್‌ಮೆಂಟಲ್ಲಿ ಟೊಮೆಟೊ ಬೆಲೆಗೆ ಕೊಸರಾಡಬಾರದ ಮನುಷ್ಯ ಅಂದ್ರೆ ಅವನೇ. ಆದರೆ ಅವನು ಕಲಿತದ್ದು ಉಲ್ಟಾ. ‘ನಮ್ಮನೇಲೇ ಕೆಮಿಕಲ್ ಇಲ್ಲದೆ ಬೆಳೀತೀವಿ, ನಿಂದೇನಪ್ಪ 40 ರೂಪಾಯಿ’ ಅಂತಾನೆ. ಸೋತ ಗಿಡದ ಬದಲು ಅವನು ಇನ್ನೊಂದು ಬ್ಯಾಗ್ ತರಿಸಬಹುದು. ರೈತ ಸೋತರೆ ತರಿಸೋಕೆ ಏನಿದೆ?

ಇದನ್ನ ನಾನು ಪುಸ್ತಕ ಓದಿ ಹೇಳ್ತಿಲ್ಲ. ನಮ್ಮದು ಕೋಲಾರದ ಕಡೆ. ಅಲ್ಲಿ ಟೊಮೆಟೊ ಅಳೆಯೋದು 15 ಕಿಲೋ ಬಾಕ್ಸಿನಲ್ಲಿ. ನಮ್ಮಪ್ಪ ಮಂಡಿಯಿಂದ ತರ್ತಿದ್ದ ಚೀಟಿಯಲ್ಲಿ ಬಾಕ್ಸಿನ ರೇಟು ಮೇಲೆ, ಕಮಿಷನ್, ಹಮಾಲಿ, ಗಾಡಿ ಬಾಡಿಗೆ ಕೆಳಗೆ. ಬಾಕ್ಸು 60 ರೂಪಾಯಿಗೆ ಇಳಿದ ದಿನ ಕಿಲೋಗೆ 4 ರೂಪಾಯಿ. ಅದರಲ್ಲಿ ಬಿಡಿಸಿದವರ ಕೂಲಿ ಹುಟ್ಟಲ್ಲ, ಕೋಲು ನೆಟ್ಟು ದಾರ ಕಟ್ಟಿದವರ ಕೂಲಿಯ ಮಾತಂತೂ ಬಿಡಿ. ಅಂಥ ದಿನಗಳಲ್ಲೇ ರಸ್ತೆ ಪಕ್ಕ ಟೊಮೆಟೊ ಸುರಿಯೋದು. ಅದರ ಫೋಟೋ ಪೇಪರಲ್ಲಿ ಬಂದಾಗ ನಾವು ‘ಅಯ್ಯೋ ಪಾಪ’ ಅಂತ ಒಂದು ಅಳೋ ಇಮೋಜಿ ಹಾಕಿ, ಆವತ್ತು ಸಂಜೆ ‘ಈಗ ಸಖತ್ ಚೀಪು’ ಅಂತ ಎರಡು ಕಿಲೋ ತಗೋತೀವಿ.

2023ರ ಜುಲೈ ನೆನಪಿಸಿಕೊಳ್ಳಿ. ಟೊಮೆಟೊ ಕಿಲೋಗೆ 100 ದಾಟ್ತು. ಕೋಲಾರದಲ್ಲಿ ಬಾಕ್ಸು 2,000 ರೂಪಾಯಿ ಮೀರ್ತು. ಹಾಸನ ಜಿಲ್ಲೆಯಲ್ಲಿ ಹೊಲಕ್ಕೇ ನುಗ್ಗಿ ಟೊಮೆಟೊ ಕದ್ದ ಸುದ್ದಿ ಬಂತು. ಮೊಬೈಲ್ ತುಂಬಾ ಜೋಕು. ಕೇಂದ್ರ ಸರ್ಕಾರ ಎನ್‌ಸಿಸಿಎಫ್, ನಾಫೆಡ್ ಮೂಲಕ ನಮ್ಮ ರಾಜ್ಯವೂ ಸೇರಿದ ಹಾಗೆ ಬೆಳೆಯೋ ಕಡೆಯಿಂದಲೇ ಟೊಮೆಟೊ ಕೊಂಡು, ದೆಹಲಿ ಮುಂತಾದ ಕಡೆ ರಿಯಾಯಿತಿಯಲ್ಲಿ ಮಾರ್ತು. ನೇಪಾಳದಿಂದಲೂ ತರಿಸ್ತು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಬೆಲೆ ನೆಲ ಕಚ್ಚಿ, ಎಷ್ಟೋ ಜನ ಮತ್ತೆ ನಾಟಿ ಮಾಡೋ ಧೈರ್ಯ ಮಾಡಲಿಲ್ಲ. ಎಲೆ ಮುದುರು ರೋಗ, ಅಕಾಲದ ಮಳೆ ಜೊತೆಗೆ ಸೇರ್ಕೊಂಡ್ವು. ಬೆಲೆ ಏರಿದ ಕಾರಣ ಅಲ್ಲಿತ್ತು. ತಿನ್ನೋರಿಗೆ ಎರಡು ತಿಂಗಳು ಕಷ್ಟ ಆದ್ರೆ ರಾಷ್ಟ್ರೀಯ ಸಮಸ್ಯೆ, ಬೆಳೆದೋರಿಗೆ ಆರು ತಿಂಗಳು ಕಷ್ಟ ಆದ್ರೆ ‘ಮಾರ್ಕೆಟ್ಟು’.

‘ಗಾಡಿಯಮ್ಮನಿಗೆ 5 ರೂಪಾಯಿ ಜಾಸ್ತಿ ಕೊಟ್ರೆ ಅದು ರೈತನಿಗೆ ಹೋಗತ್ತಾ?’ ಅಂತ ಕೇಳೋರಿದ್ದಾರೆ. ಒಳ್ಳೇ ಪ್ರಶ್ನೆ. ನೇರವಾಗಿ ಹೋಗಲ್ಲ. ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ ಗ್ರಾಹಕ ಕೊಡೋ ಒಂದು ರೂಪಾಯಿಯಲ್ಲಿ ಟೊಮೆಟೊ ಬೆಳೆದವರಿಗೆ ಸೇರೋದು ಸುಮಾರು 33 ಪೈಸೆ. ಈರುಳ್ಳಿಗೆ 36, ಆಲೂಗಡ್ಡೆಗೆ 37. ಮಿಕ್ಕಿದ್ದು ದಾರಿಯಲ್ಲಿ. ಆದರೆ ಆ ದಾರಿಯಲ್ಲಿ ಎಲ್ಲರಿಗಿಂತ ಕೊನೆಗೆ, ಬಿಸಿಲಲ್ಲಿ ನಿಂತಿರೋದು ಯಾರು? ಗಾಡಿಯಮ್ಮ. ಎರಡು ಮಾತಾಡಿಸಿ ನೋಡಿ, ಎಷ್ಟೋ ಸಲ ಆಕೆ ಮಳವಳ್ಳಿಯಲ್ಲೋ ಮಧುಗಿರಿಯಲ್ಲೋ ಮಳೆ ಕೈಕೊಟ್ಟ ವರ್ಷ ಊರು ಬಿಟ್ಟವಳು. ಆ 5 ರೂಪಾಯಿ ರೈತನಿಗೇ ಹೋಗ್ತಿದೆ, ಹೊಲ ಕೈಬಿಟ್ಟ ರೈತನಿಗೆ.

‘ನಮ್ಮಮ್ಮಾನೂ ಚೌಕಾಸಿ ಮಾಡ್ತಿದ್ರು’ ಅನ್ನೋದು ಎರಡನೇ ವಾದ. ಮಾಡ್ತಿದ್ರು, ಸಂತೆಯಲ್ಲಿ. ಅಲ್ಲಿ ಈ ವಾರ ಕೊಂಡವರು ಮುಂದಿನ ವಾರ ಮಾರೋಕೆ ಕೂತಿರ್ತಿದ್ರು. ಇಬ್ಬರಿಗೂ ಬೆಳೆಯೋ ಕಷ್ಟ ಗೊತ್ತು, ಇಬ್ಬರ ಜೇಬೂ ಒಂದೇ ಅಳತೆ. ಕೊಸರು ಬರ್ತಿದ್ದಿದ್ದೂ ಮಾರೋರ ಕೈಯಿಂದ. ರಾಗಿ ಅಳೆಯೋವಾಗ ಮೊದಲ ಸೇರಿಗೆ ಒಂದು ಅನ್ನದೆ ‘ಲಾಭ’ ಅಂತಾರೆ. ಕೊನೆಗೆ ಒಂದು ಬೊಗಸೆ ಮೇಲೆ ಸುರೀತಾರೆ. ಕೊಟ್ಟರೆ ಅದು ಕೊಸರು. ತಿಂಗಳಿಗೆ ಲಕ್ಷ ಎಣಿಸೋನು ದಿನಕ್ಕೆ ಮುನ್ನೂರು ಉಳಿಯೋದೇ ಕಷ್ಟ ಅನ್ನೋರ ಗಾಡಿಗೆ ಕೈ ಹಾಕಿ ಎತ್ಕೊಂಡ್ರೆ ಅದಕ್ಕೆ ಬೇರೆ ಪದ ಇದೆ.

ಮೂರನೇದು, ‘ಅವರು ತೂಕದಲ್ಲಿ ಮೋಸ ಮಾಡ್ತಾರೆ’. ಮಾಡೋರೂ ಇದ್ದಾರೆ. ಬಿಸ್ಕತ್ತಿನ ಪ್ಯಾಕೆಟ್ಟು ಬೆಲೆ ಬದಲಾಗದೆ ವರ್ಷ ವರ್ಷ ಹಗುರ ಆಗ್ತಿದೆಯಲ್ಲ, ಅದನ್ನ ಯಾವ ಅಂಗಡಿಯಲ್ಲಿ ಜಗಳ ಆಡಿ ಸರಿ ಮಾಡಿಸಿದ್ರಿ? ಗಾಡಿಯವರ ಮೇಲೆ ಅಷ್ಟೂ ಅನುಮಾನ ಇದ್ರೆ ಹಾಪ್‌ಕಾಮ್ಸ್‌ಗೆ ಹೋಗಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾಗಿದ್ದು ಅದು, ಎಂ.ಎಚ್. ಮರಿಗೌಡರ ದೂರದೃಷ್ಟಿಯಿಂದ. ಬೋರ್ಡಲ್ಲಿ ರೇಟು ಬರೆದಿರತ್ತೆ. ಮಾಲು ಬೆಳೆಗಾರರಿಂದ ಬರತ್ತೆ. ಎಸಿ ಇಲ್ಲ, ಆಫರ್ ಇಲ್ಲ. ಅದಕ್ಕೇ ನಮ್ಮವರು ಅದರ ಮುಂದೇನೇ ಸ್ಕೂಟರ್ ನಿಲ್ಲಿಸಿ ಹತ್ತು ನಿಮಿಷದ ಆ್ಯಪಲ್ಲಿ ಸೌತೆಕಾಯಿ ಹುಡುಕ್ತಾರೆ.

ಚಳಿಗಾಲದಲ್ಲಿ ಈ ನಾಟಕ ಒಂದೇ ಬೀದಿಯಲ್ಲಿ ಕಾಣತ್ತೆ. ವಿ.ವಿ. ಪುರಂ ಕಡೆ ಅವರೆಬೇಳೆ ಮೇಳ ನಡೆದ್ರೆ ದೋಸೆಗೆ, ಹೋಳಿಗೆಗೆ ಬೋರ್ಡಲ್ಲಿರೋ ಬೆಲೆ ಕೊಟ್ಟು ಕ್ಯೂ ನಿಲ್ತೀವಿ. ತಪ್ಪೇನಿಲ್ಲ, ಸೊಗಡಿನ ಅವರೆ ವರ್ಷಕ್ಕೊಮ್ಮೆ ಸಿಗೋದು. ವಾಪಸ್ ಬರ್ತಾ ಫುಟ್‌ಪಾತಲ್ಲಿ ಒಬ್ಬ ಅಜ್ಜಿ ಹಿತಕಿದ ಬೇಳೆ ಗುಡ್ಡೆ ಹಾಕಿಕೊಂಡು ಕೂತಿರ್ತಾಳೆ. ಕಾಯಿ ಸುಲಿದು, ಕಾಳು ನೆನೆಸಿ, ಒಂದೊಂದನ್ನೇ ಬೆರಳಲ್ಲಿ ಹಿತಕಿ ಸಿಪ್ಪೆ ತೆಗೆದಿದ್ದು. ಒಂದು ಪಾವಿಗೆ ಎಷ್ಟು ನೂರು ಸಲ ಬೆರಳು ಆಡಬೇಕು ಅಂತ ಮನೆಯಲ್ಲಿ ಕೂತು ಮಾಡಿದವರಿಗೆ ಗೊತ್ತು. ‘ಕಮ್ಮಿ ಮಾಡಜ್ಜಿ’ ಅನ್ನೋದು ಅಲ್ಲೇ ಶುರು. ದೋಸೆಯ ಮೇಲೆ ಬಿದ್ದಾಗ ಅದೇ ಬೇಳೆಗೆ ಬೆಲೆ ಇತ್ತು, ಅಜ್ಜಿಯ ಮುಂದೆ ಇದ್ದಾಗ ಇಲ್ಲ.

ನಾನು ದಾನ ಮಾಡಿ ಅಂತ ಹೇಳ್ತಿಲ್ಲ. ಕೇಳಿದ ಬೆಲೆ ಹೆಚ್ಚು ಅನ್ನಿಸಿದ್ರೆ ಮುಂದಿನ ಗಾಡಿಗೆ ಹೋಗಿ, ಅದು ನಿಮ್ಮ ಹಕ್ಕು. ನಿಂತು ಕೊಂಡ್ರೆ ಹೇಳಿದ್ದು ಕೊಡಿ. ಕರಿಬೇವು ಬೇಕಿದ್ರೆ ‘ಐದು ರೂಪಾಯಿದು ಕೊಡಮ್ಮ’ ಅನ್ನಿ. ಆಕೆಯೇ ಒಂದು ಹಿಡಿ ಮೇಲೆ ಹಾಕಿದ್ರೆ ಸಂತೋಷವಾಗಿ ಇಸ್ಕೊಳ್ಳಿ. ಟೊಮೆಟೊ 100 ಆದ ತಿಂಗಳು ಹುಣಸೆಹಣ್ಣಿನ ಸಾರು ಮಾಡಿ, ಜೋಕು ಕಳಿಸಬೇಡಿ. ಟೊಮೆಟೊ 8 ಆದ ತಿಂಗಳು ಅದನ್ನ ಹಬ್ಬ ಅಂದ್ಕೋಬೇಡಿ.

ಇಷ್ಟೆಲ್ಲಾ ಆದ್ಮೇಲೂ ಕೊಸರಾಡೋ ಚಟ ಬಿಡಲ್ಲ ಅಂದ್ರೆ ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಊಟ ತರಿಸ್ತೀರಲ್ಲ, ಆ ಪ್ಲಾಟ್‌ಫಾರ್ಮ್ ಫೀ ಜೊತೆ ಕೊಸರಾಡಿ. ಇರೋದನ್ನ ಅರ್ಧಕ್ಕೆ ಇಳಿಸಿ ತೋರಿಸಿ. ಅಲ್ಲಿ ಗೆದ್ದ ಮೇಲೆ ಸೊಪ್ಪಿನವಳ ಹತ್ತಿರ ಹೋಗಿ.