ಎತ್ತದ ಬೆರಳು

ಬೇಸಿಗೆಯ ರಜೆ ಬಂತೆಂದರೆ ನಮ್ಮ ಉತ್ತರ ಕರ್ನಾಟಕದ ಊರುಗಳ ಬಯಲುಗಳಿಗೆಲ್ಲ ಜೀವ ಬರುತ್ತದೆ. ಹಿಂಗಾರಿ ಪೀಕು ಮನೆ ಸೇರಿ ಬರಿದಾದ ಹೊಲ, ಬಾಗಿಲು ಹಾಕಿದ ಶಾಲೆಯ ಆವರಣ, ನೀರು ಬತ್ತಿದ ಕೆರೆಯ ಅಂಗಳ, ಎಲ್ಲಿ ನೋಡಿದರೂ ಮೂರು ಕೋಲು, ಒಂದು ಬ್ಯಾಟು, ಹತ್ತಾರು ಹುಡುಗರು. ಹಿರಿಯರಾದ ನಾವು ಅದನ್ನು ಕಂಡು, ಈ ಬಿಸಿಲಿನಲ್ಲಿ ಇದೆಂಥ ಹುಚ್ಚು ಎಂದು ಗೊಣಗುವುದುಂಟು. ಹಾಗೆ ಗೊಣಗಿದವರಲ್ಲಿ ನಾನೂ ಒಬ್ಬ. ಆದರೆ ಕಳೆದ ಬೇಸಿಗೆಯ ಒಂದು ರವಿವಾರ ಆ ಹುಚ್ಚಿನ ನಡುವೆ ನಿಲ್ಲುವ ಪ್ರಸಂಗ ನನಗೇ ಒದಗಿತು. ಅಂದು ನಡೆದುದನ್ನು ಓದುಗ ಬಂಧುಗಳೆದುರು ಇಂದು ಹೇಳಿಕೊಳ್ಳಬೇಕೆಂದಿದ್ದೇನೆ. ಹೇಳಲು ಸ್ವಲ್ಪ ಸಂಕೋಚವಿದೆ, ಆದಕಾರಣವೇ ಹೇಳಬೇಕೆನಿಸಿದೆ.

ನನ್ನ ಅಣ್ಣನ ಮಗ ಒಂದು ಹವ್ಯಾಸಿ ತಂಡದಲ್ಲಿ ಆಡುತ್ತಾನೆ. ಅವನ ಸಂಗಡಿಗರಲ್ಲಿ ದರ್ಜಿಯಿದ್ದಾನೆ, ಔಷಧದ ಅಂಗಡಿಯಲ್ಲಿ ದುಡಿಯುವವನಿದ್ದಾನೆ, ಕಾಲೇಜಿನ ವಿದ್ಯಾರ್ಥಿಗಳಿದ್ದಾರೆ. ವಾರವಿಡೀ ಅವರವರ ಕೆಲಸ. ರವಿವಾರ ಬೆಳಿಗ್ಗೆ ಏಳು ಗಂಟೆಗೆ ಪ್ರೌಢಶಾಲೆಯ ಬಯಲು. ಬಿಸಿಲು ಏರುವುದರೊಳಗೆ ಆಟ ಮುಗಿಯಬೇಕು. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಅದು ಬಿರಿದು, ಬೆರಳು ತೂರುವಷ್ಟು ಅಗಲದ ಬಿರುಕುಗಳು ಬೀಳುತ್ತವೆ. ಅದರ ಮೇಲೆ ಬಿದ್ದ ಚೆಂಡು ಎತ್ತ ಪುಟಿದೀತೆಂದು ಹೇಳುವವರಿಲ್ಲ. ಆದುದರಿಂದ ತೆಂಗಿನ ನಾರಿನ ಮ್ಯಾಟನ್ನು ಹಾಸಿ, ಅಂಚಿಗೆಲ್ಲ ಮೊಳೆ ಬಡಿದು ಬಿಗಿಗೊಳಿಸುತ್ತಾರೆ. ಆಡುವುದು ಟೆನಿಸ್ ಚೆಂಡಿನಲ್ಲಿ. ಕಾಲಿಗೆ ಪ್ಯಾಡು ಬೇಡ, ಕೈಗವಸು ಬೇಡ, ಖರ್ಚು ಕಡಿಮೆ. ಸೋತ ತಂಡದವರು ಎಲ್ಲರಿಗೂ ಗಿರಮಿಟ್ಟು, ಮಿರ್ಚಿ, ಚಹಾ ಕೊಡಿಸಬೇಕು. ಅವರ ಪಂದ್ಯದ ಪಣವೆಂದರೆ ಅಷ್ಟೇ.

ಇಂಥ ಪಂದ್ಯಗಳಿಗೆ ಹೊರಗಿನ ಅಂಪೈರುಗಳು ಬರುವುದಿಲ್ಲ. ಬ್ಯಾಟು ಮಾಡುವ ತಂಡದವರೇ ಇಬ್ಬರು ಅಂಪೈರರಾಗಿ ನಿಲ್ಲುವುದು ವಾಡಿಕೆ. ತನ್ನವನು ಔಟಾದಾಗ ತಾನೇ ಬೆರಳೆತ್ತಬೇಕು! ನ್ಯಾಯಾಲಯಗಳಲ್ಲಿಯೂ ಇಲ್ಲದ ಈ ಏರ್ಪಾಡು ಹಳ್ಳಿಯ ಬಯಲಿನಲ್ಲಿ ವಾರವಾರವೂ ನಡೆಯುತ್ತದೆ ಎಂಬುದನ್ನು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಅಂದು ಅವರಲ್ಲಿ ಒಬ್ಬ ಹುಡುಗ ಬಂದಿರಲಿಲ್ಲ. "ಕಾಕಾ, ನೀವು ನಿಂತ ಬಿಡ್ರಿ" ಎಂದು ನನ್ನನ್ನು ನಿಲ್ಲಿಸಿದರು. ಓವರಿನ ಚೆಂಡುಗಳನ್ನು ಎಣಿಸಲು ಆರು ಹುಣಸೆಬೀಜಗಳನ್ನು ಕೈಗೆ ಕೊಟ್ಟರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು ನಾನು. ಇದೇನು ಮಹಾ ಎಂದುಕೊಂಡೆ.

ಎದುರಾಳಿಗಳು ಸಮೀಪದ ಹಳ್ಳಿಯವರು. ಹದಿನೈದು ಓವರುಗಳಲ್ಲಿ ಅವರು 104 ರನ್ನು ಮಾಡಿದ್ದರು. ನಮ್ಮವರಿಗೆ ಕೊನೆಯ ಓವರಿನಲ್ಲಿ 6 ರನ್ನು ಬೇಕಿದ್ದವು. ಉಳಿದಿದ್ದುದು ಒಂದೇ ವಿಕೆಟ್ಟು. ಬ್ಯಾಟು ಹಿಡಿದವನು ನನ್ನ ಅಣ್ಣನ ಮಗ. ಚೆಂಡೆಸೆಯುವ ತುದಿಯಲ್ಲಿ ನಿಂತವನು ನಾನು. ಮೊದಲ ಚೆಂಡಿಗೆ ಎರಡು ರನ್ನು ಬಂದವು. ಎರಡನೆಯದು ಬರಿದಾಯಿತು. ಮೂರನೆಯ ಚೆಂಡು ಬ್ಯಾಟಿನ ಪಕ್ಕದಿಂದ ಹಾದು ಕೀಪರನ ಕೈ ಸೇರಿತು. ಹಳ್ಳಿಯ ಹುಡುಗರೆಲ್ಲ ಒಮ್ಮೆಲೇ ಕೂಗಿ ನನ್ನತ್ತ ತಿರುಗಿದರು.

ತೊಗಲಿನ ಚೆಂಡು ಬ್ಯಾಟಿಗೆ ಸವರಿದರೆ ಟಕ್ಕೆಂಬ ಸದ್ದು ದೂರಕ್ಕೂ ಕೇಳುತ್ತದೆ. ಟೆನಿಸ್ ಚೆಂಡಿನ ಸದ್ದು ಅಷ್ಟು ಸ್ಪಷ್ಟವಲ್ಲ. ಆದರೆ ಚೆಂಡು ಬ್ಯಾಟಿನ ಬಳಿ ಕೂದಲೆಳೆಯಷ್ಟು ದಿಕ್ಕು ತಿರುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಹುಡುಗ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ನನ್ನ ಬೆರಳು ಮೇಲೇಳಲಿಲ್ಲ. ತಲೆಯಾಡಿಸಿ "ನಾಟೌಟ್" ಎಂದೆ. ಸಂಶಯದ ಲಾಭ ಬ್ಯಾಟುಗಾರನಿಗೆ ಸಲ್ಲಬೇಕೆಂಬ ಮಾತು ಆ ಕ್ಷಣದಲ್ಲಿ ಎಷ್ಟು ಸಲೀಸಾಗಿ ನೆನಪಿಗೆ ಬಂತು! ಸಂಶಯವಿದ್ದಿದ್ದರೆ ಅದು ಧರ್ಮವೇ ಆಗುತ್ತಿತ್ತು. ನನಗೆ ಸಂಶಯವಿರಲಿಲ್ಲ.

ಐದನೆಯ ಚೆಂಡನ್ನು ಅವನು ಬೌಂಡರಿಗೆ ಅಟ್ಟಿದ. ನಮ್ಮವರು ಗೆದ್ದರು. ಹಳ್ಳಿಯ ಹುಡುಗರು ತಕರಾರು ಮಾಡಲಿಲ್ಲ. ಬೇವಿನ ಮರದಡಿ ಕುಳಿತು, ತಲೆಗಿಷ್ಟು ಎಂದು ಹತ್ತಿಪ್ಪತ್ತರ ನೋಟುಗಳನ್ನು ಕೂಡಿಸಿ ಗಿರಮಿಟ್ಟು ತರಿಸಿದರು. ಅವರಲ್ಲಿ ಕೆಲವರು ಕೂಲಿಗೆ ಹೋಗುವವರು. "ತಗೋರಿ ಸರ್" ಎಂದು ಮೊದಲ ಪೊಟ್ಟಣವನ್ನು ನನ್ನ ಕೈಗಿತ್ತರು. ಅದು ಗಂಟಲಲ್ಲಿ ಇಳಿಯಲಿಲ್ಲ.

ಮರಳುವಾಗ ಬೈಕಿನ ಮೇಲೆ ಇಬ್ಬರೂ ಮೌನ. ಮನೆ ಸಮೀಪಿಸಿದಾಗ ಹುಡುಗ ಒಂದೇ ಮಾತು ಆಡಿದ: "ಕಾಕಾ, ಇನ್ನ ಮ್ಯಾಲೆ ವಿಶ್ವನಾಥ್ ಅವರ ಕಥಿ ನನಗ ಹೇಳಬ್ಯಾಡ್ರಿ."

ಆ ಕಥೆಯನ್ನು ಅವನಿಗೆ ಚಿಕ್ಕಂದಿನಿಂದ ಹೇಳುತ್ತ ಬಂದವನು ನಾನೇ. 1980ರ ಫೆಬ್ರುವರಿ 15ರಂದು ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಭಾರತ ಮತ್ತು ಇಂಗ್ಲೆಂಡ್ ತಂಡಗಳ ಸುವರ್ಣ ಮಹೋತ್ಸವ ಟೆಸ್ಟ್ ಪಂದ್ಯ ಆರಂಭವಾಯಿತು. ಮರುದಿನ ಸೂರ್ಯಗ್ರಹಣದ ನಿಮಿತ್ತ ಆಟಕ್ಕೆ ವಿರಾಮ. ಅದೇ ಗ್ರಹಣ ನಮ್ಮ ಅಂಕೋಲೆ, ಹುಬ್ಬಳ್ಳಿ, ರಾಯಚೂರುಗಳಲ್ಲಿ ಖಗ್ರಾಸವಾಗಿ, ಹಾಡಹಗಲೇ ಕತ್ತಲೆ ಕವಿದುದನ್ನು ಹಿರಿಯ ಓದುಗರು ಮರೆತಿರಲಾರರು. ಭಾರತ ತಂಡದ ನಾಯಕರಾಗಿದ್ದವರು ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್. ಭಾರತದ 242 ರನ್ನುಗಳಿಗೆ ಉತ್ತರವಾಗಿ ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡು ಕಂಗೆಟ್ಟಿತ್ತು. ಮುಂದೆ ಬಾಬ್ ಟೇಲರ್ ಅವರನ್ನು ಅಂಪೈರು ಔಟೆಂದು ಸಾರಿದರು. ಚೆಂಡು ಬ್ಯಾಟಿಗೆ ತಾಗಿರಲಿಲ್ಲವೆಂದು ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಖಚಿತವಿತ್ತು. ಅವರು ಅಂಪೈರರನ್ನು ಕೇಳಿಕೊಂಡು ಟೇಲರರನ್ನು ಮರಳಿ ಕರೆದರು. ಟೇಲರ್ 43 ರನ್ನು ಮಾಡಿದರು. ಇಯಾನ್ ಬಾಥಮ್ 114 ರನ್ನು ಮಾಡಿದರು. ಇಬ್ಬರೂ ಕೂಡಿ 171 ರನ್ನು ಸೇರಿಸಿದರು. ಇಂಗ್ಲೆಂಡ್ 10 ವಿಕೆಟ್ಟುಗಳಿಂದ ಗೆದ್ದಿತು. ಸೋಲಿನ ಲೆಕ್ಕ ಪುಸ್ತಕದಲ್ಲಿ ಉಳಿಯಿತು. ಆದರೆ ಆ ಪಂದ್ಯದ ಮಾತು ಬಂದಾಗ ಜನ ಇಂದಿಗೂ ನೆನೆಯುವುದು ಮರಳಿ ಕರೆದ ಆ ನಾಯಕನನ್ನು.

ಕ್ರಿಕೆಟ್ಟಿನ ನಿಯಮದಲ್ಲಿ ಒಂದು ಸೂಕ್ಷ್ಮವಿದೆ. ಎದುರಾಳಿಗಳು ಕೇಳದ ಹೊರತು ಅಂಪೈರು ಯಾರನ್ನೂ ಔಟೆಂದು ಸಾರುವಂತಿಲ್ಲ. ಆದರೆ ತಾನು ಔಟೆಂದು ಬಲ್ಲ ಆಟಗಾರ ಯಾರೂ ಕೇಳದಿದ್ದರೂ ಹೊರನಡೆಯಬಹುದು. ಆಟವಾಡುವವನ ಅಂತಃಸಾಕ್ಷಿಗೂ ನಿಯಮದ ಪುಸ್ತಕವೇ ಒಂದು ಬಾಗಿಲನ್ನು ತೆರೆದಿಟ್ಟಿದೆ. ಆ ದಿನ ನನ್ನ ಮುಂದೆಯೂ ಹುಡುಗನ ಮುಂದೆಯೂ ಆ ಬಾಗಿಲು ತೆರೆದೇ ಇತ್ತು. ಇಬ್ಬರೂ ದಾಟಲಿಲ್ಲ. ಹಿರಿಯನಾದ ನಾನು ಮೊದಲು ತಪ್ಪಿದೆ. ಕಿರಿಯನು ನನ್ನ ನೆರಳಿನಲ್ಲಿ ನಿಂತ.

ಮುಂದಿನ ರವಿವಾರ ಮತ್ತೆ ಅದೇ ಎರಡು ತಂಡಗಳು ಕೂಡಿದವು. ಟಾಸಿಗೆ ಮುಂಚೆ ನಮ್ಮ ಹುಡುಗ ಹಳ್ಳಿಯ ತಂಡದ ನಾಯಕನ ಬಳಿ ಹೋಗಿ, ಎಲ್ಲರೂ ಕೇಳುವಂತೆ, "ಹ್ವಾದ ವಾರ ನನ್ನ ಬ್ಯಾಟಿಗೆ ತಾಗಿತ್ತು" ಎಂದ. ನಾನು ಮರದಡಿ ನಿಂತವನು ಒಂದು ಕ್ಷಣ ನೆಲ ನೋಡಿದೆ. ಆಮೇಲೆ ಹೋಗಿ, "ನಾನೂ ಕಂಡಿದ್ದೆ, ತಮ್ಮಾ" ಎಂದೆ. ಆ ನಾಯಕ ಹಿಟ್ಟಿನ ಗಿರಣಿಯಲ್ಲಿ ದುಡಿಯುವ ಹುಡುಗ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗ ಗೊತ್ತಿತ್ರಿ ಸರ್. ನಮ್ಮ ಕೀಪರನ ಕಿವಿ ಭಾಳ ಚುರುಕು" ಎಂದು ನಕ್ಕ. ಬಳಿಕ ಆರು ಹುಣಸೆಬೀಜಗಳನ್ನು ನನ್ನ ಅಂಗೈಯಲ್ಲಿಟ್ಟು, "ಇವತ್ತೂ ನೀವ ನಿಲ್ರಿ" ಎಂದ. ಆ ದಿನದ ಗಿರಮಿಟ್ಟಿನ ಹಣವನ್ನು, ಸೋಲು ಗೆಲುವು ನೋಡದೆ, ನಾವಿಬ್ಬರೂ ಕೊಟ್ಟೆವು.

ತಾಯಿ ತಂದೆಯರಲ್ಲಿ ಒಂದು ವಿನಂತಿ. ಮಕ್ಕಳು ಬಿಸಿಲಿನಲ್ಲಿ ಬೆವತು ಮನೆಗೆ ಬಂದಾಗ ಎಷ್ಟು ರನ್ನು ಹೊಡೆದೆ ಎಂದು ಕೇಳುವುದು ಸಹಜ. ಅದರೊಡನೆ, ಹೇಗೆ ಔಟಾದೆ ಎಂದೂ ಕೇಳಿರಿ. ಉತ್ತರ ಹೇಳುವಾಗ ಮಗುವಿನ ಕಣ್ಣನ್ನು ನೋಡಿರಿ. ಗದರಿಸದೆ ಕೇಳಿದರೆ ಅದು ನಿಜವನ್ನೇ ಹೇಳುತ್ತದೆ. ಆ ನಿಜವನ್ನು ಕೇಳುವ ಯೋಗ್ಯತೆ ನಮಗೂ ಇರಬೇಕು. ಅದನ್ನು ನಾನು ಕಲಿತದ್ದು ನನ್ನ ಮುಂದೆ ಬೆಳೆದ ಹುಡುಗನಿಂದ.

ಈ ವರುಷದ ಬೇಸಿಗೆಯಲ್ಲಿಯೂ ಹುಡುಗರು ನನ್ನನ್ನು ಕರೆದಿದ್ದಾರೆ. ಹುಣಸೆಬೀಜಗಳು ಅಂಗಿಯ ಜೇಬಿನಲ್ಲಿಯೇ ಇವೆ.