ಫಾರ್ಮ್ಯಾಟ್ ಎಂಬುದು ರಿಪೇರಿಯಲ್ಲ



ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿಗಾದರೂ ಹೋಗಿ. ಕೆಟ್ಟ ಗಣಕಯಂತ್ರವನ್ನು ಅಂಗಡಿಯ ಮೇಜಿನ ಮೇಲಿಟ್ಟೊಡನೆ ಕೇಳಿಬರುವ ಮಾತು ಒಂದೇ: "ಸರ, ಫಾರ್ಮ್ಯಾಟ್ ಹೊಡೀಬೇಕ್ರಿ." ನಿಪ್ಪಾಣಿಯಲ್ಲಿ ಅದೇ ಮಾತು ಮರಾಠಿಯಲ್ಲಿ ಕೇಳಿಸೀತು, ಅಷ್ಟೇ ಭೇದ. ಹಲ್ಲುನೋವೆಂದು ಬಂದವನ ತಲೆಯನ್ನೇ ತೆಗೆಯುವ ಈ ವೈದ್ಯವನ್ನು ನಾವೆಲ್ಲ ರಿಪೇರಿ ಎಂದು ಕರೆಯುತ್ತಿದ್ದೇವೆ. ಅದನ್ನು ವಿರೋಧಿಸಿಯೇ ಇಂದು ಬರೆಯುತ್ತಿದ್ದೇನೆ.

ಕಳೆದ ತಿಂಗಳು ನನ್ನ ಗಣಕಯಂತ್ರ ವಿಚಿತ್ರ ಹಟ ಹಿಡಿಯಿತು. ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತೆಗೆಯಲೂ ಬಿಡದು, ಹೊಸದನ್ನು ಹಾಕಲೂ ಬಿಡದು. ಉಳಿದ ಕೆಲಸಗಳೆಲ್ಲ ಸರಾಗ. ಅಂಗಡಿಯ ತರುಣ ಪರದೆಯತ್ತ ಅರೆಕ್ಷಣ ನೋಡಿ ಮೇಲಿನ ಮಂತ್ರವನ್ನೇ ಪಠಿಸಿದ. ನಾನು ಯಂತ್ರವನ್ನು ಹೊತ್ತು ಮನೆಗೆ ಮರಳಿದೆ. ಆ ಸಂಜೆ ಕಾಗವಾಡದ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಫೋನ್ ಮಾಡಿದೆ. ಅವಳು ಹೇಳಿದ ಮೊದಲ ಮಾತು: "ಸರ, ಪರದೆ ಮ್ಯಾಲೆ ಏನ್ ಬರದೈತಿ, ಪೂರ್ತಿ ಓದ್ರಿ." ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರಿಸಿರೆಂದು ಮೂವತ್ತು ವರ್ಷ ನಿಮಗೆ ಹೇಳಿದವನು ನಾನು! ನಾಚಿಕೆಯಿಂದಲೇ ಓದಿದೆ. ವಿಂಡೋಸ್ ಇನ್‌ಸ್ಟಾಲರ್ ಸೇವೆಯನ್ನು ತಲುಪಲಾಗುತ್ತಿಲ್ಲ ಎಂದಿತ್ತು.

ವಿಂಡೋಸ್‌ನಲ್ಲಿ ಅನೇಕ ತಂತ್ರಾಂಶಗಳನ್ನು ಹಾಕುವ, ತೆಗೆಯುವ ಕೆಲಸ ಈ ಸೇವೆಯದು. ಕೆಲಸವಿಲ್ಲದಾಗ ಅದು ಮಲಗಿರುತ್ತದೆ, ಕರೆದಾಗ ಏಳುತ್ತದೆ. ಆದುದರಿಂದ ಅದು ನಿಂತಿರುವುದೇ ದೋಷವಲ್ಲ. ಎಲ್ಲ ತಂತ್ರಾಂಶಗಳೂ ಇದನ್ನು ಅವಲಂಬಿಸಿಲ್ಲ. ಆದ್ದರಿಂದ ಕೆಲವು ಇಳಿದು ಕೆಲವು ಇಳಿಯದಿದ್ದರೆ ಮೊದಲ ಅನುಮಾನ ಇದರ ಮೇಲೆಯೇ ಬರಬೇಕು. ಅವಳು ಹೇಳಿದಂತೆ ರಿಜಿಸ್ಟ್ರಿಯ ಪ್ರತಿಯೊಂದನ್ನು ಮೊದಲು ತೆಗೆದಿಟ್ಟುಕೊಂಡು, ಎಂಎಸ್‌ಐಸರ್ವರ್ ಎಂಬ ನಮೂದನ್ನು ತೆರೆದೆ. 'ಸ್ಟಾರ್ಟ್' ಎಂಬುದರ ಮುಂದೆ 4 ಎಂದಿತ್ತು. 4 ಎಂದರೆ ನಿಷ್ಕ್ರಿಯ, 3 ಎಂದರೆ ಬೇಕಾದಾಗ ಏಳುವುದು. ವೇಗ ಹೆಚ್ಚಿಸುತ್ತೇನೆಂದು ಬಂದ ಯಾವುದೋ ಪುಕ್ಕಟೆ ತಂತ್ರಾಂಶ ಅದನ್ನು ಬದಲಿಸಿರಬೇಕೆಂದು ಅವಳ ಊಹೆ. 4ನ್ನು 3 ಮಾಡಿ ಯಂತ್ರವನ್ನು ಮತ್ತೆ ಚಾಲೂ ಮಾಡಿದೆ. ಪ್ರಿಂಟರಿನ ತಂತ್ರಾಂಶ ತೆಪ್ಪಗೆ ಹೊರಟುಹೋಯಿತು. ಇಡೀ ಕಾರ್ಯಕ್ಕೆ ಅರ್ಧ ಗಂಟೆ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಎದ್ದು ಹೋಗಿ 2020ರ ದಿನಚರಿಯನ್ನು ತೆಗೆದು ನೋಡಿದೆ. ಇದೇ ಸಂದೇಶವನ್ನು ಗುಮಾಸ್ತನಂತೆ ಅರ್ಥವರಿಯದೆ ಅಲ್ಲಿ ನಕಲು ಮಾಡಿಟ್ಟಿದ್ದೆ.

2019ರ ಆಗಸ್ಟಿನ ಮಹಾಪೂರ ನಿಮಗೆ ನೆನಪಿದೆ. ಮಾಂಜರಿ, ಇಂಗಳಿ, ಯಡೂರಿನ ಕಡೆ ಕೃಷ್ಣೆ ಮನೆಗಳೊಳಗೆ ನುಗ್ಗಿದ್ದಳು. ತೀರದ ಹಳ್ಳಿಯೊಂದರಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಅವ್ವನ ವಹಿ ನೀರು ಕುಡಿದಿತ್ತು. ಅವಳು ಹಾಡುತ್ತಿದ್ದ ಬೀಸುವ ಪದಗಳನ್ನು ಅಕ್ಕ ಹುಡುಗಿಯಾಗಿದ್ದಾಗ ಬರೆದುಕೊಂಡಿದ್ದ ವಹಿ ಅದು. ಶಾಯಿ ಹರಡಿದ ಹಾಳೆಗಳನ್ನು ಒಣಗಿಸಿ, ಭೂತಗನ್ನಡಿ ಹಿಡಿದು, ಅಕ್ಕನನ್ನು ಕೇಳಿ ಕೇಳಿ, ನೂರಕ್ಕೂ ಮಿಕ್ಕ ಪದಗಳನ್ನು 'ನುಡಿ'ಯಲ್ಲಿ ಬೆರಳಚ್ಚು ಮಾಡಿದೆ. ಬೂಷ್ಟು ಹಿಡಿದ ವಹಿಯನ್ನು ಆಮೇಲೆ ಬಿಸಾಡಿದೆವು. 2020ರಲ್ಲಿ ಯಂತ್ರ ಹಟ ಹಿಡಿಯಿತು. ಅಂಗಡಿಯಲ್ಲಿ ಫಾರ್ಮ್ಯಾಟ್ ಆಯಿತು. ಕೃಷ್ಣೆ ಉಳಿಸಿಹೋದದ್ದನ್ನು ನಾನೇ ಐನೂರು ರೂಪಾಯಿ ಕೊಟ್ಟು ಅಳಿಸಿಕೊಂಡು ಬಂದೆ. ಪೆನ್ ಡ್ರೈವಿಗೆ ಪ್ರತಿ ಮಾಡಿಕೊಳ್ಳದಿದ್ದುದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ "ಒಳಗ ಏನರ ಅದ ಏನ್ರಿ?" ಎಂದು ಒಂದು ಮಾತು ಕೇಳದ ಕೈ ಯಾರದು?

ಅಂಗಡಿಯವರ ಪರವಾಗಿಯೂ ಒಂದು ಮಾತಿದೆ. ಫಾರ್ಮ್ಯಾಟಿಗೆ ದರವಿದೆ, ಯೋಚನೆಗೆ ದರವಿಲ್ಲ. ಒಂದು ಗಂಟೆ ಹುಡುಕಿ ಒಂದು ಅಂಕಿಯನ್ನು ತಿದ್ದಿದವನಿಗೆ ನಾವು "ಇಷ್ಟಕ್ಕ ರೊಕ್ಕ ಯಾಕ?" ಎನ್ನುತ್ತೇವೆ, ಎಲ್ಲವನ್ನೂ ಒರೆಸಿಹಾಕಿದವನಿಗೆ ಮರುಮಾತಿಲ್ಲದೆ ಕೊಡುತ್ತೇವೆ. ಈ ಪಾಪದಲ್ಲಿ ಗಿರಾಕಿಯ ಪಾಲೂ ಇದೆ.

ಆದರೆ ಬೇರೆ ದಾರಿಯೇ ಇಲ್ಲವೆಂಬುದು ಸುಳ್ಳು. ಇನ್ನೊಂದು ತಂತ್ರಾಂಶದ ಅಳವಡಿಕೆ ನಡೆದಿದೆಯೆಂಬ ಸಂದೇಶ ಬಂದರೆ ಎಷ್ಟೋ ಸಲ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಸಾಕು. ಜಾಗ ಉಳಿಸಲೆಂದು ವಿಂಡೋಸ್ ಕಡತಕೋಶದೊಳಗಿನ ಇನ್‌ಸ್ಟಾಲರ್ ಕೋಶವನ್ನು ಯಾರಾದರೂ ಬರಿದು ಮಾಡಿದ್ದರೆ, ಆಯಾ ತಂತ್ರಾಂಶದ ಮೂಲಪ್ರತಿಯನ್ನು ತಂದು ಸರಿಪಡಿಸಲು ಯತ್ನಿಸಬಹುದು. ವಿಂಡೋಸ್ಸೇ ಕೆಟ್ಟಿದ್ದರೂ ಕಡತಗಳನ್ನೂ ತಂತ್ರಾಂಶಗಳನ್ನೂ ಉಳಿಸಿಕೊಂಡೇ ಅದನ್ನು ಮರುಸ್ಥಾಪಿಸುವ ಕ್ರಮವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲಂತೂ ಅಳಿಸುವವರಿಗೆ ಹೊಸ ನೆಪ ಸಿಕ್ಕಿದೆ. ಯಂತ್ರಕ್ಕೆ ಅರ್ಹತೆಯಿದ್ದರೆ 11ಕ್ಕೆ ಏರಲು ಏನನ್ನೂ ಅಳಿಸಬೇಕಾಗಿಲ್ಲ. ಮತ್ತೊಂದು ಮಾತು: ಫಾರ್ಮ್ಯಾಟಿನ ನಂತರ ನುಡಿಯ ಹಳೆಯ ಕಡತಗಳು ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ, ಕೆಟ್ಟಿವೆಯೆಂದು ಎಸೆಯಬೇಡಿರಿ. ಆ ಅಕ್ಷರಶೈಲಿಯನ್ನು ಮತ್ತೆ ಹಾಕಿದರೆ ಕನ್ನಡ ಮರಳಿ ಕಾಣಿಸುತ್ತದೆ.

ಅಕ್ಕನಿಗೆ ಈಗ ಎಂಬತ್ತೊಂದು. ಹನ್ನೆರಡು ಪದಗಳನ್ನಷ್ಟೇ ನೆನಪಿನಿಂದ ಹೇಳಿದಳು. ಬರೆದುಕೊಂಡಿದ್ದೇನೆ, ಈ ಸಲ ಕಾಗದದ ಮೇಲೂ. 2019ರ ದೀಪಾವಳಿಗೆ ಕೆಲವು ಬಂಧುಗಳಿಗೆ ಒಂದಷ್ಟು ಪದಗಳನ್ನು ಮಿಂಚಂಚೆಯಲ್ಲಿ ಕಳುಹಿಸಿದ್ದ ನೆನಪು. ನಿಮ್ಮಲ್ಲಿ ಯಾರ ಬಳಿಯಾದರೂ ಅವು ಉಳಿದಿದ್ದರೆ ದಯವಿಟ್ಟು ನನಗೆ ಮರಳಿ ಕಳುಹಿಸಿರಿ.